ಜೀರುಂಡೆ ಕೂಗುವ ಮುಂಚೆ

ಆ ವರ್ಷ ಕಟ್ಟು ಬರಲಿಲ್ಲ, ಫೋನಿಗೆ ಸಂದೇಶ ಬಂತು. ‘ನಾಳೆ ಬೆಳಿಗ್ಗೆ ಐದೂವರೆಗೆ ದೊಡ್ಡ ಹೊಲದ ಕೊಯ್ಲು. ಎಂಟರೊಳಗೆ ಮುಗಿಯುತ್ತದೆ. ತಿಯೆರಿ.’ ಕೆಳಗೆ ಹಳದಿ ಬಣ್ಣದ ಒಂದು ನಗುವ ಮುಖ.

ಸಿಲ್ವೆಟ್ ಅದನ್ನು ಮೂರು ಸಲ ಓದಿಕೊಂಡಳು. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಪ್ಪನ ಮುಂದೆ ಫೋನು ಹಿಡಿದಳು. ಒನೊರೆ ಕನ್ನಡಕ ಹುಡುಕುವ ಗೋಜಿಗೆ ಹೋಗಲಿಲ್ಲ.

“ಓದಿ ಹೇಳು.”

ಓದಿ ಹೇಳಿದಳು.

“ಕಟ್ಟು ಎಲ್ಲಿ?”

“ಅಪ್ಪಾ, ಉರ್ಬೇನ್ ಮಾಮ ತೀರ್ಕೊಂಡು ಆರು ತಿಂಗಳಾಯ್ತು. ಇನ್ನು ಕಟ್ಟು ಯಾರು ತರ್ತಾರೆ?”

“ಅವನ ಅಳಿಯನಿಗೆ ಕಾಲಿಲ್ವಾ?”

“ಅವನ ಹತ್ರ ಫೋನಿದೆ.”

“ಅದೇ ನಾನೂ ಹೇಳಿದ್ದು,” ಎಂದು ಒನೊರೆ ಬೆಳ್ಳುಳ್ಳಿಯ ಸಿಪ್ಪೆ ಊದಿದ.

ವಾಲಾಂಸೋಲ್ ಬಯಲಿನ ಮೇಲೆ ಬ್ರೆಮೋಂ ಮನೆತನದವರದು ಲ್ಯಾವೆಂಡರ್ ಹೊಲ, ಒನೊರೆಯ ಫೆರೋ ಮನೆತನದವರದು ಜೇನುಪೆಟ್ಟಿಗೆ. ಪ್ರತಿ ಜೂನ್ ತಿಂಗಳ ಕೊನೆಗೆ ಪೆಟ್ಟಿಗೆಗಳು ಹೊಲದ ಬದುವಿಗೆ ಬರುತ್ತಿದ್ದವು, ಕೊಯ್ಲಾದ ಮೇಲೆ ಹೋಗುತ್ತಿದ್ದವು. ನಲವತ್ತು ವರ್ಷ ಇದಕ್ಕೊಂದು ಕಾಗದ ಪತ್ರ ಅಂತ ಇರಲಿಲ್ಲ. ಕೊಯ್ಲಿನ ಹಿಂದಿನ ಸಂಜೆ ಉರ್ಬೇನ್ ಬ್ರೆಮೋಂ ತಾನೇ ನಡೆದು ಬಂದು, ಕೆಂಪು ದಾರ ಸುತ್ತಿದ ಒಂದು ಲ್ಯಾವೆಂಡರ್ ಕಟ್ಟನ್ನು ಮೊದಲನೆ ಪೆಟ್ಟಿಗೆಯ ಪಕ್ಕದ ಗೂಟಕ್ಕೆ ತೂಗುಹಾಕುತ್ತಿದ್ದ. ಅಷ್ಟೇ. ಅದು ತೂಗಿತೆಂದರೆ ಅವನು ಹೂವಿನಿಂದ ಎಣ್ಣೆ ಇಳಿಸುವ ಬಟ್ಟಿಮನೆಗೆ ಹೋಗಿ ತನ್ನ ಸರದಿ ಕೇಳಿಕೊಂಡು ಬಂದಿದ್ದಾನೆ, ಕೊಯ್ಲು ಯಂತ್ರದ ಚಾಲಕನನ್ನು ಕಂಡಿದ್ದಾನೆ, ನಾಳಿನ ಗಾಳಿ ಯಾವ ಕಡೆಗೆಂದು ನೋಡಿದ್ದಾನೆ ಎಂದು ಅರ್ಥ. ಆಗ ಫೆರೋ ಮನೆಯವರು ನಸುಕಿನಲ್ಲೇ ಬಂದು ಪೆಟ್ಟಿಗೆಗಳ ಬಾಗಿಲು ಮುಚ್ಚುವುದು. ಹತ್ತಿರದ ಹೂವು ಮೊದಲು ಖಾಲಿಯಾಗಲೆಂದು ಯಂತ್ರ ಪೆಟ್ಟಿಗೆಗಳ ಕಡೆಯಿಂದ ಶುರುಮಾಡಿ ಹೊಲ ಮುಗಿಸುವುದು. ಮೊದಲ ಜೀರುಂಡೆ ಕೂಗುವ ಮುಂಚೆ ಬಾಗಿಲು ತೆರೆಯುವುದು. ಜೀರುಂಡೆ ಕೂಗಿತೆಂದರೆ ಬಿಸಿಲು ಬಲಿತಿದೆ ಎಂದು ಲೆಕ್ಕ. ಬಿಸಿಲು ಬಲಿತ ಮೇಲೆ ಮುಚ್ಚಿದ ಪೆಟ್ಟಿಗೆಯೆಂದರೆ ಒಲೆಯ ಮೇಲಿಟ್ಟ ಪಾತ್ರೆ.

ಬಾಗಿಲು ಮುಚ್ಚದಿದ್ದರೆ ಏನಾಗುತ್ತದೆಂದು ಹೋದ ವರ್ಷ ನೋಡಿದ್ದಾಗಿತ್ತು. ಉರ್ಬೇನ್ ಆಸ್ಪತ್ರೆಯಲ್ಲಿದ್ದ. ಕಟ್ಟೂ ಇಲ್ಲ, ಸಂದೇಶವೂ ಇಲ್ಲ. ಯಂತ್ರ ಹಗಲು ಹನ್ನೊಂದಕ್ಕೆ, ಹೂವಿಗೊಂದು ಜೇನುನೊಣ ಕೂತಿರುವ ಹೊತ್ತಿಗೆ ಬಂತು. ಹೂವನ್ನೂ ನೊಣವನ್ನೂ ಒಟ್ಟಿಗೇ ಕತ್ತರಿಸಿ ಹಿಂದಿನ ಕಬ್ಬಿಣದ ತೊಟ್ಟಿಗೆ ತುಂಬಿಕೊಂಡು ಹೋಯಿತು. ಬಟ್ಟಿಮನೆಯಲ್ಲಿ ಆ ತೊಟ್ಟಿಗೇ ನೇರವಾಗಿ ಹಬೆ ಬಿಡುತ್ತಾರೆ. ಆ ಸಂಜೆ ಪೆಟ್ಟಿಗೆಗಳ ಮುಂದೆ ಹಿಂತಿರುಗುವವರಿಲ್ಲದ ಮನೆಯ ಮೌನವಿತ್ತು. ಹದಿನಾಲ್ಕು ಪೆಟ್ಟಿಗೆಗಳು ಚಳಿಗಾಲ ದಾಟಲಿಲ್ಲ.

ಅಂದಿನಿಂದ ಸಿಲ್ವೆಟ್ ಎರಡು ಸಲ ಉರ್ಬೇನನ ಅಳಿಯ ತಿಯೆರಿಯ ಮನೆಗೆ ಹೋಗಿ ಕೂತು ಬಂದಿದ್ದಳು. ಅವನು ಕಾಫಿ ಕೊಟ್ಟು, “ನಿಮಗೆ ಹೇಳದೆ ಕೊಯ್ಲು ಮಾಡಲ್ಲ ಸಿಲ್ವೆಟ್, ಟೆನ್ಶನ್ ಮಾಡ್ಕೋಬೇಡಿ,” ಎಂದಿದ್ದ. ಈಗ ಹೇಳಿಯೂ ಇದ್ದಾನೆ.

“ನಾಳೆ ಮುಚ್ಚೋಣ,” ಎಂದಳು.

“ಕಟ್ಟು ಬರದೆ ಮುಚ್ಚಬಾರದು.”

“ಹೋದ ವರ್ಷ ಕಟ್ಟು ಬರಲಿಲ್ಲ, ಮುಚ್ಚಲಿಲ್ಲ. ಏನಾಯ್ತು?”

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗಿನಿಂದ ವಾದಗಳನ್ನು ಅರ್ಧಕ್ಕೇ ಬಿಡುವುದು ಒನೊರೆಗೆ ರೂಢಿಯಾಗಿತ್ತು. ಬೆಳ್ಳುಳ್ಳಿಯನ್ನು ಮಗಳ ಕಡೆಗೆ ತಳ್ಳಿದ.

ಪೆಟ್ಟಿಗೆಗಳನ್ನೇ ಅಲ್ಲಿಂದ ಎತ್ತಿಬಿಡಬಹುದಾಗಿತ್ತು. ಆದರೆ ಲಾರಿ ಅವಳ ಗಂಡ ಆಲ್ಬಾನನ ಜೊತೆ ಮೇಲಿನ ಬೆಟ್ಟದಲ್ಲಿತ್ತು. ಚೆಸ್ಟ್‌ನಟ್ ಕಾಡಿನಲ್ಲಿಟ್ಟ ಉಳಿದ ಪೆಟ್ಟಿಗೆಗಳನ್ನು ತರಲು ಹೋದವನು ಬರುವುದು ಶನಿವಾರ. ಜೇನು ಇಳಿಸಬೇಕೆಂದಿದ್ದದ್ದೂ ಶನಿವಾರವೇ. ತುಂಬಿದ ಪೆಟ್ಟಿಗೆ ಎತ್ತಲು ಇಬ್ಬರು ಗಟ್ಟಿ ಆಳು ಬೇಕು. ಮನೆಯಲ್ಲಿ ಇದ್ದದ್ದು ಮೂರು ಕೈ.

ಈ ಸಲ ವಸಂತದ ಹಿಮ ರೋಸ್ಮರಿ ಹೂವನ್ನು ಸುಟ್ಟಿತ್ತು, ಅಕೇಸಿಯಾ ಹೂವನ್ನೂ ಸುಟ್ಟಿತ್ತು; ಚೆಸ್ಟ್‌ನಟ್ ಕಾಡಿನಲ್ಲೂ ಜೇನು ಕಟ್ಟಿರಲಿಲ್ಲ. ಇಡೀ ವರ್ಷಕ್ಕೆ ಉಳಿದಿದ್ದು ಲ್ಯಾವೆಂಡರಿನ ಜೇನೊಂದೇ. ಅದು ಬದುವಿನ ಆ ಮೂವತ್ತೆಂಟು ಪೆಟ್ಟಿಗೆಗಳ ಮೇಲಿನ ಅಂತಸ್ತಿನಲ್ಲಿ, ಮೇಣದ ಮುಚ್ಚಳ ಹಾಕಿಸಿಕೊಂಡು ಕೂತಿತ್ತು.

*

ನಾಲ್ಕೂಮುಕ್ಕಾಲಿಗೆ ಇಬ್ಬರೂ ಬದುವಿನಲ್ಲಿದ್ದರು. ರಾತ್ರಿ ಸೆಕೆಯಿದ್ದುದರಿಂದ ಎಷ್ಟೋ ಪೆಟ್ಟಿಗೆಗಳ ಮುಂದೆ ನೊಣಗಳು ಗಡ್ಡದ ಹಾಗೆ ಇಳಿಬಿದ್ದು ಹೊರಗೇ ಮಲಗಿದ್ದವು. ಸಿಲ್ವೆಟ್ ಅವುಗಳ ಮೇಲೆ ತೆಳ್ಳಗೆ ನೀರು ಸಿಂಪಡಿಸಿ, ಒಳಗೆ ಸರಿಯುವವರೆಗೆ ಕಾದು, ಒದ್ದೆ ಸ್ಪಂಜಿನ ಪಟ್ಟಿಯನ್ನು ಬಾಗಿಲಿಗೆ ತುರುಕುತ್ತ ಹೋದಳು. ಒನೊರೆ ಹಿಂದೆ ಹಿಂದೆ ಬಂದು ಪ್ರತಿಯೊಂದನ್ನೂ ಎಡಗೈ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

“ಇದು ಸಡಿಲ.”

“ಸರಿಯಾಗೇ ಇದೆ ಅಪ್ಪಾ.”

“ನಿನಗೆ ಸರಿ. ನೊಣಕ್ಕೆ ಅದು ಹೆಬ್ಬಾಗಿಲು.”

ಸಾಲಿನ ಕೊನೆಯಲ್ಲಿ ಹನ್ನೊಂದು ಹಳೆಯ ಪೆಟ್ಟಿಗೆಗಳಿದ್ದವು. ಒನೊರೆ ಮತ್ತು ಅವನ ಅಪ್ಪ ಸೇರಿ ಮಾಡಿದವು. ಉಳಿದವುಗಳ ತಳದಲ್ಲಿ ಗಾಳಿಯಾಡುವ ತಂತಿ ಜಾಲರಿ ಇತ್ತು. ಈ ಹನ್ನೊಂದರದು ಹಲಗೆಯ ತಳ. ಅವಕ್ಕೂ ಜಾಲರಿ ಹಾಕಿಸಬೇಕೆಂದು ಸಿಲ್ವೆಟ್ ಮಾರ್ಚ್‌ನಲ್ಲೇ ತರಿಸಿದ್ದಳು. ಹಿಮ ಬಂತು, ಕೆಲಸ ತಪ್ಪಿತು. ಹನ್ನೊಂದು ಜಾಲರಿಗಳು ಪ್ಲಾಸ್ಟಿಕ್ಕು ಸಹ ಬಿಚ್ಚದೆ ಶೆಡ್ಡಿನಲ್ಲಿ ಒರಗಿಕೊಂಡಿದ್ದವು. ಆ ಪೆಟ್ಟಿಗೆಗಳ ಬಾಗಿಲಿಗೆ ಸ್ಪಂಜು ತುರುಕುವಾಗ ಅದು ನೆನಪಾಗಿ ಅವಳ ಕೈ ಒಂದು ಗಳಿಗೆ ನಿಂತಿತು. ಎಂಟು ಗಂಟೆಯವರೆಗೆ ತಾನೆ ಎಂದುಕೊಂಡಳು.

ಐದೂವರೆಯಾಯಿತು. ರಸ್ತೆಯಲ್ಲಿ ಯಾರೂ ಇಲ್ಲ. ಇಬ್ಬರೂ ವ್ಯಾನಿನ ಹಿಂಬದಿಗೆ ಕೂತು ಫ್ಲಾಸ್ಕಿನ ಕಾಫಿ ಕುಡಿದರು. ಪಕ್ಕದಲ್ಲಿ ಹೊಗೆಡಬ್ಬಿ, ನೀರಿನ ಡ್ರಮ್ಮು, ಒಂದು ಗುದ್ದಲಿ. ಗುದ್ದಲಿ ಯಾವಾಗಲೂ ವ್ಯಾನಿನಲ್ಲಿರಬೇಕು. ಎಲ್ಲಾದರೂ ಒಂದು ತೊಟ್ಟು ಜೇನು ಚೆಲ್ಲಿದರೆ ತಕ್ಷಣ ಮಣ್ಣು ಮುಚ್ಚಬೇಕು, ಇಲ್ಲವಾದರೆ ಸುತ್ತಲಿನ ಪೆಟ್ಟಿಗೆಗಳೆಲ್ಲ ಸೇರಿ ಲೂಟಿಗಿಳಿಯುತ್ತವೆ. ಏಳು ವರ್ಷದವಳಿದ್ದಾಗ ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠವದು.

ಆರೂಹತ್ತಕ್ಕೆ ಬಿಸಿಲು ಹೊಲದ ಆಚೆಯ ಅಂಚನ್ನು ಮುಟ್ಟಿತು. ಆರೂವರೆಗೆ ಸಿಲ್ವೆಟ್ ಯಂತ್ರದ ಚಾಲಕ ಲುಡೊನಿಗೆ ಫೋನು ಮಾಡಿದಳು. ಶಾಲೆಯಲ್ಲಿ ಅವಳ ಜೊತೆ ಓದಿದವನು.

“ಎಲ್ಲಿದೀಯ?”

“ಮೇಲಿನ ಹೊಲದಲ್ಲಿ. ಯಾಕೆ?”

“ಇಲ್ಲಿಗೆ ಐದೂವರೆಗೆ ಬರಬೇಕಿತ್ತಲ್ಲ.”

“ರಾತ್ರಿ ಬಟ್ಟಿಮನೇಲಿ ಸರದಿ ಬದಲಾಯ್ತು. ಮೊದಲು ಇವರದು, ಆಮೇಲೆ ನಿಮ್ಮದು. ತಿಯೆರಿ ಹೇಳ್ಲಿಲ್ವಾ?”

“ಇಲ್ಲ.”

“ಹೇಳಿರ್ತಾನೆ ಅಂದ್ಕೊಂಡೆ. ಇನ್ನೇನು, ನಾಲ್ಕು ಸಾಲು ಉಳಿದಿದೆ. ಏಳೂಕಾಲಕ್ಕೆ ಅಲ್ಲಿರ್ತೀನಿ.”

ಅವಳು ಫೋನು ಇಳಿಸಿದಳು. ಮುಕ್ಕಾಲು ಗಂಟೆ. ಈಗ ತೆರೆದರೆ ಅಷ್ಟೂ ನೊಣ ಒಂದೇ ಏಟಿಗೆ ಹೊಲಕ್ಕೆ ನುಗ್ಗುತ್ತವೆ. ಯಂತ್ರ ಬರುವ ಹೊತ್ತಿಗೆ ಹೋದ ವರ್ಷದ ಕಥೆಯೇ. ಮುಕ್ಕಾಲು ಗಂಟೆ ತಡೆಯಬಹುದು. ಅಪ್ಪನಿಗೆ ಹೇಳಿದಳು. ಒನೊರೆ ಬೆಟ್ಟದ ಕಡೆ ನೋಡಿದ.

“ಉರ್ಬೇನ್ ಆಗಿದ್ರೆ ಸರದಿ ಬದಲಾದ ಕೂಡಲೇ ಬಂದು ಕಟ್ಟನ್ನ ಇಳಿಸಿ ತಗೊಂಡು ಹೋಗ್ತಿದ್ದ.”

“ಉರ್ಬೇನ್ ಮಾಮ ಇಲ್ಲ ಅಪ್ಪಾ.”

“ಗೊತ್ತು. ಹೆಣಕ್ಕೆ ಹೆಗಲು ಕೊಟ್ಟೋನು ನಾನೇ.”

ಏಳೂಕಾಲಕ್ಕೆ ಯಾರೂ ಬರಲಿಲ್ಲ. ಏಳೂವರೆಗೆ ಲುಡೊ ಫೋನು ಎತ್ತಲಿಲ್ಲ; ಯಂತ್ರದ ಸದ್ದಿನಲ್ಲಿ ಕೇಳಿಸಿರಲಾರದು. ಪೆಟ್ಟಿಗೆಗಳಿಂದ ಏಳುತ್ತಿದ್ದ ಗುಂಯ್‌ಗುಟ್ಟುವ ಸದ್ದು ಬದಲಾಗಿತ್ತು. ನಸುಕಿನಲ್ಲಿ ಅದು ನಿದ್ದೆಯ ಉಸಿರಿನ ಹಾಗಿತ್ತು. ಈಗ ದೂರದಲ್ಲೆಲ್ಲೋ ಜನಜಂಗುಳಿ ಕೂಗಾಡಿದ ಹಾಗೆ ಕೇಳುತ್ತಿತ್ತು. ಸಿಲ್ವೆಟ್ ಹಳೆಯ ಪೆಟ್ಟಿಗೆಯೊಂದರ ಪಕ್ಕಕ್ಕೆ ಅಂಗೈ ಇಟ್ಟಳು. ಜ್ವರ ಬಂದ ಮಗುವಿನ ಬೆನ್ನಿನ ಹಾಗೆ ಬಿಸಿ.

ಹಳೆಯ ಹಾಸಿಗೆ ಚಾದರಗಳನ್ನು ನೀರಿನಲ್ಲಿ ಅದ್ದಿ ಒಂದೊಂದಾಗಿ ಹೊದಿಸತೊಡಗಿದಳು. ಚಾದರಗಳು ಹನ್ನೆರಡೇ ಇದ್ದವು. ಹಳೆಯ ಹನ್ನೊಂದಕ್ಕೆ ಹೊದಿಸಿ, ಇನ್ನೊಂದನ್ನು ಯಾವುದಕ್ಕೆ ಹೊದಿಸುವುದೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತಳು. ನೀರು ಕಾಲಿನ ಮೇಲೆ ಸುರಿಯಿತು. ಅಷ್ಟರಲ್ಲೇ ಮೊದಲು ಹೊದಿಸಿದ್ದು ಒಣಗಿ ಬಿಳುಚಿಕೊಳ್ಳುತ್ತಿತ್ತು.

ಎಂಟಕ್ಕೆ ಹತ್ತು ನಿಮಿಷವಿರುವಾಗ ತಿಯೆರಿ ಫೋನಿನಲ್ಲಿ ಸಿಕ್ಕಿದ. ಹಿಂದೆ ಚಮಚ, ಬಸಿಗಳ ಸದ್ದು.

“ಇನ್ನೂ ಬಂದಿಲ್ವಾ? ನಾನು ರಿಯೆ ಪೇಟೇಲಿದೀನಿ. ಇರಿ, ಕೇಳ್ತೀನಿ.” ಎರಡು ನಿಮಿಷದ ನಂತರ ಅವನೇ ಕರೆ ಮಾಡಿದ. “ಹೊರಟಿದಾನಂತೆ. ಹತ್ತು ನಿಮಿಷ.”

“ತಿಯೆರಿ, ಇವತ್ತು ಕೊಯ್ಲು ಬೇಡ ಅಂತ ಹೇಳಿ. ನಾಳೆ ಮಾಡಿ. ನಾನು ಬಾಗಿಲು ತೆರೀತೀನಿ.”

“ಸರದಿ ತಪ್ಪಿದ್ರೆ ಮತ್ತೆ ಸಿಗೋದು ಒಂಬತ್ತು ದಿನಕ್ಕೆ ಸಿಲ್ವೆಟ್. ಅಷ್ಟರಲ್ಲಿ ಹೂವು ಹುಲ್ಲಾಗಿರತ್ತೆ. ನೀವೇ ಹೇಳಿ, ನಾನೇನು ಮಾಡ್ಲಿ? ಹತ್ತೇ ನಿಮಿಷ. ಇಷ್ಟು ಹೊತ್ತು ತಡೆದಿದ್ದೀರ.”

ಸುಳ್ಳು ಹೇಳುವವನ ದನಿಯಾಗಿರಲಿಲ್ಲ ಅದು. ಅದೇ ಅವಳನ್ನು ಕಟ್ಟಿಹಾಕಿತು. ಬೈಯಲಿಕ್ಕಾದರೂ ಒಬ್ಬ ಕೆಟ್ಟವನಿದ್ದರೆ ಆಗುತ್ತಿತ್ತು.

ಹತ್ತು ನಿಮಿಷ. ಅವಳು ಮತ್ತೆ ಅದೇ ಲೆಕ್ಕ ಹಾಕಿದಳು. ಈಗ ತೆರೆದರೆ ನೇರ ಯಂತ್ರದ ಬಾಯಿಗೆ. ತೆರೆಯದಿದ್ದರೆ ಇನ್ನು ಹತ್ತು ನಿಮಿಷ. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಇತ್ತು. ಅತ್ತ ದರಿ, ಇತ್ತ ಹುಲಿ ಅನ್ನುತ್ತಾರೆ; ಆದರೆ ಇಲ್ಲಿ ಹುಲಿ ಮುಂದಿನ ತಿರುವಿನಲ್ಲಿದೆ, ಮುಂದಿನ ತಿರುವಿನಲ್ಲಿದೆ ಎಂದು ಯಾರೋ ಹೇಳುತ್ತಲೇ ಇದ್ದರು.

ಎಂಟೂಐದಕ್ಕೆ ಬದುವಿನ ಬಾದಾಮಿ ಮರದಲ್ಲಿ ಒಂದು ಜೀರುಂಡೆ ಕೂಗಿತು.

“ಕೂಗಿತು,” ಎಂದ ಒನೊರೆ.

“ಒಂದೇ.”

“ಒಂದು ಶುರುಮಾಡಿದ ಮೇಲೆ ಉಳಿದವು ಬಾಯಿ ಮುಚ್ಕೊಂಡು ಕೂತ್ಕೋತವಾ? ತೆರಿ ಮಗಳೇ.”

“ಯಂತ್ರ ಬರ್ತಿದೆ ಅಪ್ಪಾ. ಇನ್ನು ಐದು ನಿಮಿಷ.”

“ನೀನು ಗಡಿಯಾರ ನೋಡ್ತಿದೀಯ. ಇಲ್ಲಿ ಬಂದು ಕಿವಿ ಇಡು.”

ಅವಳು ಕಿವಿ ಇಡಲಿಲ್ಲ. ಇಟ್ಟರೆ ತೆರೆದುಬಿಡುತ್ತೇನೆ ಎಂಬ ಭಯವಿತ್ತು. ಅಷ್ಟರಲ್ಲಿ ರಸ್ತೆಯ ಮೇಲೆ ಧೂಳೆದ್ದಿತು.

*

ಯಂತ್ರ ಹೊಲಕ್ಕಿಳಿದದ್ದು ಆಚೆ ಬದಿಗೆ, ರಸ್ತೆಯ ಕಡೆಗೆ. ಅಲ್ಲೇ ಬ್ಲೇಡು ಇಳಿಸಿ ಮೊದಲ ಸಾಲು ಹಿಡಿಯಿತು. ಸಿಲ್ವೆಟ್ ಸಾಲುಗಳ ನಡುವೆ ಓಡಿದಳು. ಮಂಡಿಯೆತ್ತರದ ಹೂಗಳು ಎರಡೂ ಕಡೆಯಿಂದ ಕಾಲಿಗೆ ಸವರುತ್ತಿದ್ದವು. ಎಲ್ಲಿಂದಲೋ ಬಂದ ಕಾಡುದುಂಬಿಗಳನ್ನು ಬಿಟ್ಟರೆ ಅವುಗಳ ಮೇಲೆ ಯಾರೂ ಇರಲಿಲ್ಲ. ಅವಳು ಕೈ ಬೀಸುವುದನ್ನು ಕಂಡು ಲುಡೊ ಯಂತ್ರ ನಿಲ್ಲಿಸಿ ಬಾಗಿಲು ತೆರೆದ. ಮುಖದ ತುಂಬ ಹಸಿರು ಧೂಳು.

“ಪೆಟ್ಟಿಗೆ ಕಡೆಯಿಂದ ಶುರುಮಾಡಬೇಕು ಲುಡೊ. ಯಾವಾಗಲೂ ಹಾಗೇ.”

“ತಿಯೆರಿ ರಸ್ತೆ ಕಡೆಯಿಂದ ಅಂದ. ತೊಟ್ಟಿ ಸಾಗಿಸೋಕೆ ಸುಲಭ ಅಂತ.”

“ಇಡೀ ಹೊಲಕ್ಕೆ ಎಷ್ಟು ಹೊತ್ತು?”

ಅವನು ಹೊಲವನ್ನು ಅಳೆಯುವವನ ಹಾಗೆ ನೋಡಿದ. “ಒಂದೂಮುಕ್ಕಾಲು ಗಂಟೆ. ಬೆಲ್ಟು ತೊಂದರೆ ಕೊಡದಿದ್ರೆ.”

ಐದೂವರೆಯಿಂದ ಎಂಟು ಎಂದು ಸಂದೇಶದಲ್ಲೇ ಇತ್ತು, ಆದರೆ ಕಾಯುವ ಲೆಕ್ಕದಲ್ಲಿ ಅವಳು ಇದನ್ನು ಸೇರಿಸಿರಲಿಲ್ಲ. ಯಂತ್ರ ಬರುವುದೊಂದನ್ನೇ ಕಾದಿದ್ದಳು, ಬಂದ ಕೂಡಲೇ ಎಲ್ಲ ಮುಗಿಯುತ್ತದೆ ಎನ್ನುವ ಹಾಗೆ.

“ಅಷ್ಟು ಹೊತ್ತು ಅವು ಉಳಿಯಲ್ಲ. ಐದು ಗಂಟೆಯಿಂದ ಮುಚ್ಚಿದೀನಿ.”

“ಐದರಿಂದಾನಾ?” ಲುಡೊ ಬೆವರು ಒರೆಸಿಕೊಂಡ. “ಯಾಕೆ ಮುಚ್ಚಿದೆ ಮಾರಾಯ್ತಿ ಅಷ್ಟು ಬೇಗ? ಶಾಲೇಲೂ ನೀನು ಹೀಗೇ. ಮಳೆ ಬರೋ ಮುಂಚೆ ಕೊಡೆ ಬಿಚ್ಕೊಂಡು ಕೂರ್ತಿದ್ದೆ.”

“ಲುಡೊ.”

“ಆಯ್ತು. ಕೇಳು. ನಾನು ದಿನಗೂಲಿಯವನು. ಹತ್ತೂವರೆಗೆ ಈ ತೊಟ್ಟಿ ಹಬೆ ಮೇಲೆ ಕೂತಿರಬೇಕು. ಕೂತಿಲ್ಲ ಅಂದ್ರೆ ನಾಳೆ ಇದರ ಮೇಲೆ ಬೇರೆಯವನು ಕೂತಿರ್ತಾನೆ. ನಿಧಾನ ಓಡಿಸ್ತೀನಿ. ಅದಕ್ಕಿಂತ ನನ್ನ ಕೈಲಿ ಏನಿದೆ ಹೇಳು.”

ಆಗ ಬದುವಿನ ಕಡೆಯಿಂದ ಒನೊರೆ ಕೂಗಿದ್ದು ಕೇಳಿಸಿತು. ಕೈ ಬಿದ್ದುಹೋದ ಮೇಲೆ ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ.

ಹಿಂತಿರುಗಿ ಬಂದಾಗ ಅವನು ಹಳೆಯ ಪೆಟ್ಟಿಗೆಗಳ ಮುಂದೆ ಮಂಡಿಯೂರಿದ್ದ. ಎಡಗೈಯಲ್ಲಿ ಮೂರು ಸ್ಪಂಜು ಕಿತ್ತಿದ್ದ. ಬಾಗಿಲಿನಿಂದ ಒಂದೂ ಹೊರಬರಲಿಲ್ಲ. ಒಳಗಿನಿಂದ ಸತ್ತ ನೊಣಗಳೇ ಇನ್ನೊಂದು ಸ್ಪಂಜಿನ ಹಾಗೆ ಬಾಗಿಲಿಗೆ ಒತ್ತಿಕೊಂಡಿದ್ದವು. ಹೊರಗೆ ಬರಲೆಂದು ನುಗ್ಗಿದವು, ಒಂದರ ಮೇಲೊಂದು ಒದ್ದೆಯಾಗಿ, ಕಪ್ಪಾಗಿ. ಒನೊರೆ ಒಂದು ಕಡ್ಡಿಯಿಂದ ಅವನ್ನು ಕೆದಕಿದ. ಅವುಗಳ ಹಿಂದೆಯೇ ಜೇನು ಬಂತು.

ಮೊದಲು ಒಂದು ದಾರ. ಆಮೇಲೆ ಬೆರಳಿನಷ್ಟು. ಒಳಗೆ ಮೇಣ ಮೆತ್ತಗಾಗಿ ಜೇನಿನ ಎರಿಗಳೆಲ್ಲ ಒಂದರ ಮೇಲೊಂದು ಕುಸಿದಿದ್ದವು. ತಿಳಿಹಳದಿ ಬಣ್ಣದ ಜೇನು ಹಲಗೆಯ ಅಂಚಿನಿಂದ ಇಳಿದು, ಸತ್ತ ನೊಣಗಳನ್ನು ಹೊತ್ತುಕೊಂಡು ಹುಲ್ಲಿಗೆ ಬಿತ್ತು. ಅದರ ವಾಸನೆ ಹೊಲದ ವಾಸನೆಯೇ ಆಗಿತ್ತು, ಇನ್ನೂ ಮೆತ್ತಗೆ, ಬೆಚ್ಚಗೆ. ಚಳಿಗಾಲದಲ್ಲಿ ಸೀಸೆಯ ಮುಚ್ಚಳ ತೆರೆದಾಗ ಜನ ಕಣ್ಣು ಮುಚ್ಚಿಕೊಳ್ಳುವ ವಾಸನೆ.

“ಉಳಿದದ್ದು ತೆರಿ,” ಎಂದ ಒನೊರೆ. ದನಿ ಮಾಮೂಲಿಯಾಗಿತ್ತು.

ಅವಳು ತೆರೆದಳು. ಈಗ ಲೆಕ್ಕವಿರಲಿಲ್ಲ. ಜಾಲರಿ ತಳದ ಪೆಟ್ಟಿಗೆಗಳಿಂದ ನೊಣಗಳು ಮಡಕೆ ಒಡೆದ ಹಾಗೆ ಸುರಿದವು; ಅವಳ ಕೈ, ಕತ್ತು, ಕೂದಲ ಮೇಲೆಲ್ಲ ಹರಿದಾಡಿ ಮೇಲೆದ್ದವು. ಎಷ್ಟು ಕಚ್ಚಿದವೋ ಗಮನಿಸಲಿಲ್ಲ. ಹಳೆಯ ಹನ್ನೊಂದರಲ್ಲಿ ಎರಡರಿಂದ ಮಾತ್ರ ಒಂದಿಷ್ಟು ತೆವಳಿಕೊಂಡು ಬಂದವು. ರೆಕ್ಕೆ ಜೇನಿಗೆ ಅಂಟಿ, ಹಲಗೆಯ ಮೇಲೆ ನಿಂತು, ಹಾರಲೂ ಆಗದೆ ಒಳಗೆ ಹೋಗಲೂ ಆಗದೆ ಉಳಿದವು. ಉಳಿದ ಒಂಬತ್ತು ಸುಮ್ಮನಿದ್ದವು.

ತಲೆಯೆತ್ತಿ ನೋಡಿದಳು. ಬಯಲಿನ ಮೇಲೆ ನೊಣಗಳ ಮೋಡ ತೆಳ್ಳಗೆ ಸುತ್ತುತ್ತಿತ್ತು. ಆಚೆ ಬದಿಯಲ್ಲಿ ಯಂತ್ರ ನಿಂತಿತ್ತು. ಲುಡೊ ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಿದ್ದ. ಅಷ್ಟು ದೂರದಿಂದಲೂ ಅವನು ಅದನ್ನು ಬೇಕೆಂದೇ ಮೆಲ್ಲಗೆ ಸೇದುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಆಮೇಲೆ ಅವನಿಗೆ ಫೋನು ಬಂದಿರಬೇಕು. ಕಿವಿಗಿಟ್ಟುಕೊಂಡ, ತಲೆಯಾಡಿಸಿದ, ಅವಳ ಕಡೆಗೆ ಎರಡೂ ಖಾಲಿ ಕೈಗಳನ್ನು ಅಗಲಿಸಿ ತೋರಿಸಿದ. ಯಂತ್ರ ಶುರುವಾಯಿತು.

ಈಗ ಹೋಗುತ್ತವೆ ಎಂದು ಅವಳು ನಿಂತಳು. ಮೂರೂವರೆ ಗಂಟೆ ಬಂಧನದಲ್ಲಿದ್ದವು, ಮುಂದೆ ಕಣ್ಣು ಹರಿಯುವಷ್ಟೂ ಹೂವು. ಹೋಗದೆ ಏನು ಮಾಡುತ್ತವೆ.

ಆದರೆ ಮೋಡ ಹೊಲದ ಕಡೆ ಸರಿಯಲಿಲ್ಲ. ಅದು ಬಾಗಿತು, ಇಳಿಯಿತು, ಸಾಲಿನ ಕೊನೆಗೆ ಬಂತು. ಹುಲ್ಲಿನ ಮೇಲೆ ಹರಿಯುತ್ತಿದ್ದ ಜೇನಿನ ಮೇಲೆ ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಹುಲ್ಲೇ ಕಾಣದ ಹಾಗೆ ನೊಣಗಳು ಕೂತವು. ಹತ್ತಿರದಲ್ಲೇ ಚೆಲ್ಲಿರುವಾಗ ದೂರ ಯಾಕೆ ಹೋಗಬೇಕು. ಸತ್ತವುಗಳನ್ನು ತುಳಿದುಕೊಂಡು, ಕುಸಿದ ಬಾಗಿಲುಗಳೊಳಗೆ ನುಗ್ಗಿ, ನೆರೆಯವರ ಇಡೀ ವರ್ಷದ ದುಡಿಮೆಯನ್ನು ಹೊಟ್ಟೆಗೆ ತುಂಬಿಕೊಂಡು ತಮ್ಮ ಪೆಟ್ಟಿಗೆಗಳಿಗೆ ಹೊರತೊಡಗಿದವು. ಕೆಲವು ಕಾದಾಡಿ ಉರುಳಾಡುತ್ತಿದ್ದವು.

ಸಿಲ್ವೆಟ್ ವ್ಯಾನಿಗೆ ಓಡಿ ಗುದ್ದಲಿ ತಂದಳು. ಮೊದಲ ಮಣ್ಣು ಎತ್ತಿದ್ದೂ ಆಯಿತು.

“ಬಿಡು,” ಎಂದ ಒನೊರೆ.

“ಲೂಟಿ ಅಪ್ಪಾ. ಒಂದನ್ನೊಂದು ಕೊಲ್ತಾವೆ.”

“ಒಂದಿಷ್ಟು ಕೊಲ್ಲಲಿ. ನೀನು ಮಣ್ಣು ಮುಚ್ಚಿದ್ರೆ ಎಲ್ಲಿಗೆ ಹೋಗ್ತವೆ?” ಅವನು ಗದ್ದದಿಂದ ಹೊಲದ ಕಡೆ ತೋರಿಸಿದ. “ಅದು ಮುಗಿಯೋ ತನಕ ಬಿಡು.”

“ನೀನೇ ಕಲಿಸಿದ್ದು, ಒಂದು ತೊಟ್ಟೂ ಬಿಡಬಾರದು ಅಂತ.”

“ಕಲಿಸಿದೀನಿ. ಈಗ ಕೂತ್ಕೋ.”

ಅವಳ ಜೇಬಿನಲ್ಲಿ ಫೋನು ನಡುಗಿತು. ತಿಯೆರಿ. ‘ಯಂತ್ರ ಬಂತಲ್ಲ? ಎಲ್ಲ ಸರಿಹೋಯ್ತಾ?’ ಉತ್ತರ ಬರೆಯಲು ಹೆಬ್ಬೆರಳು ಒತ್ತಿದಳು. ಬೆರಳ ತುಂಬ ಜೇನಿತ್ತು. ಪರದೆಗೆ ಅದು ಬೆರಳೆಂದೇ ಗೊತ್ತಾಗಲಿಲ್ಲ. ಅಂಗಿಗೆ ಒರೆಸಿಕೊಂಡಳು. ಅಂಗಿಯಲ್ಲೂ ಜೇನಿತ್ತು.

ಫೋನನ್ನು ಹುಲ್ಲಿನ ಮೇಲಿಟ್ಟು, ಗುದ್ದಲಿಯನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು ಅಪ್ಪನ ಪಕ್ಕ ನೆಲಕ್ಕೆ ಕೂತಳು. ಬಾದಾಮಿ ಮರದ ತುಂಬ ಈಗ ಜೀರುಂಡೆಗಳು ಕೂಗುತ್ತಿದ್ದವು. ಜೇನು ಇನ್ನೂ ಹರಿಯುತ್ತಿತ್ತು, ಮೊದಲಿಗಿಂತ ತೆಳುವಾಗಿ. ಅದು ನಿಲ್ಲುವುದು ಮೊದಲೋ, ಯಂತ್ರ ಕೊನೆಯ ಸಾಲು ಮುಗಿಸುವುದು ಮೊದಲೋ ಎಂದು ಅವಳು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡುತ್ತ ಕೂತಳು. ಯಂತ್ರ ಹನ್ನೆರಡನೆಯ ಸಾಲಿನಲ್ಲಿತ್ತು. ಇನ್ನೂ ಅರವತ್ತು ಸಾಲುಗಳಿದ್ದವು.